ಬ್ಲೇಡ್ ಬೇಡದ ಕತ್ತಿ

ಸುಮಿತಾಳಿಗೆ ಹೇಳಬೇಕಾದ ಮಾತು ಯಾವಾಗಲೂ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ರೇಗಿದ್ದಕ್ಕೆ, ಕಾಲೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದಕ್ಕೆ, ಎಲ್ಲಕ್ಕೂ ಅವಳ ಹತ್ತಿರ ಸರಿಯಾದ ಉತ್ತರವಿತ್ತು. ಎಲ್ಲವೂ ಡೈರಿಯಲ್ಲಿತ್ತು. "ನಮ್ಮೂರಲ್ಲಿ ಎರಡು ಡೈರಿ ಐತೆ. ಒಂದ್ರಲ್ಲಿ ಆಲು ತುಂಬ್ತಾರೆ, ಇನ್ನೊಂದ್ರಲ್ಲಿ ನಮ್ಮ ಸುಮಿ ಬೈಗುಳ ತುಂಬ್ತಾಳೆ" ಎಂದು ಅಣ್ಣ ವಿಜಯಕುಮಾರ್ ಕಿಚಾಯಿಸುತ್ತಿದ್ದ. ಮೂರು ವರ್ಷ ಬಂಗಾರಪೇಟೆಗೆ ಓಡಾಡಿ ಬಿ.ಎ. ಮುಗಿಸಿದ ಹುಡುಗಿ, ಎದುರಿಗಿದ್ದವರ ಮುಖ ನೋಡಿ ಮಾತಾಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅವರ ಅಂಗಿಯ ಗುಂಡಿ ನೋಡುತ್ತಿದ್ದಳು, ಇಲ್ಲವೇ ಅವರ ಕಾಲು.

ಸಂಕ್ರಾಂತಿ ಕಳೆದ ವಾರ ಬರೆದ ಪುಟದಲ್ಲಿ ಉತ್ತರವಿರಲಿಲ್ಲ. ಎರಡೇ ಪದ ಬರೆದು, ಅಡಿಗೆರೆ ಎಳೆದು ನಿಲ್ಲಿಸಿದ್ದಳು: ಬ್ಲೇಡ್ ಮುಗಿದೈತೆ.

ಆವತ್ತು ಆದದ್ದಿಷ್ಟು. ಅವಳ ತಾತ ದೊಡ್ಡವೆಂಕಟಪ್ಪನಿಗೆ ಎಂಬತ್ತು. ಕೆಜಿಎಫ್‌ನ ನಂದಿದುರ್ಗ ಗಣಿಯಲ್ಲಿ, ನೆಲದೊಳಗೆ ಮರದ ಕಂಬ ನಿಲ್ಲಿಸುವ ಕೆಲಸ ಮಾಡಿ, ಗಣಿ ಮುಚ್ಚಿದ ಮೇಲೆ ಊರು ಸೇರಿಕೊಂಡವನು. ಬದುಕಿಡೀ ತನ್ನ ಗಡ್ಡ ತಾನೇ ತೆಗೆದುಕೊಂಡವನು. ಎರಡು ವರ್ಷದಿಂದ ಕೈ ನಡುಗುತ್ತಿತ್ತು. ವಿಜಯಕುಮಾರ್ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂಗಾರಪೇಟೆಗೆ ಹೋಗಿ ಶೇವ್ ಮಾಡಿಸಿಕೊಂಡು ಬರುತ್ತಿದ್ದ. ಜನವರಿಯಲ್ಲಿ ಮಂಡಿ ಬಾತುಕೊಂಡು ಬೈಕ್ ಹತ್ತಲಾಗಲಿಲ್ಲ. ಊರೊಳಗೆ ಹಾಲಿನ ಡೈರಿಯ ಎದುರಿಗೇ ಮುನೇಶ್ ಹೊಸ ಸಲೂನು ತೆಗೆದಿದ್ದನಲ್ಲ, ತಿರುಗುವ ಕುರ್ಚಿ, ಗೋಡೆ ತುಂಬ ಕನ್ನಡಿ, ಅಲ್ಲಿಗೇ ಹೋದರಾಯಿತೆಂದು ಸುಮಿತಾ ತಾತನ ಕೈ ಹಿಡಿದು ನಡೆಸಿಕೊಂಡು ಹೋದಳು.

ಮುನೇಶ್ ಬಾಗಿಲಿಗೆ ಅಡ್ಡ ಬಂದು ನಿಂತ. "ಬ್ಲೇಡ್ ಮುಗಿದೈತೆ ತಾತ" ಎಂದ. ಮರ್ಯಾದೆಯಿಂದಲೇ ಅಂದ.

ಅವನ ಹಿಂದೆ ಕನ್ನಡಿಯ ಕೆಳಗೆ ಬ್ಲೇಡಿನ ಪೊಟ್ಟಣ, ಇನ್ನೂ ಒಡೆಯದ್ದು, ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಇವರು ಮೆಟ್ಟಿಲು ಇಳಿಯುವಷ್ಟರಲ್ಲಿ ಮೇಲಿನ ಬೀದಿಯ ಶ್ರೀನಿವಾಸಪ್ಪ ಬಂದು ಕುರ್ಚಿಯಲ್ಲಿ ಕೂತ. ಪೊಟ್ಟಣ ಹರಿದ ಸದ್ದು ಬೀದಿಗೂ ಕೇಳಿಸಿತು.

ಊರಾಚೆಯ ಇವರ ಕಾಲೋನಿಯವರಿಗೆ ಈ ಮಾತು ಹೊಸದಲ್ಲ. ಹಿಂದೆ "ನಿಮ್ಮೋರ್ಗೆ ಮಾಡಲ್ಲ" ಎಂದು ನೇರವಾಗಿ ಹೇಳುತ್ತಿದ್ದರು. ಕಾನೂನು ಬಂದ ಮೇಲೆ ಬ್ಲೇಡು ಮುಗಿಯತೊಡಗಿತು, ಅಷ್ಟೇ ವ್ಯತ್ಯಾಸ. ಮುನೇಶ್ ಹಾಗೆಂದಾಗ ಸುಮಿತಾ ಅವನ ಕಾಲು ನೋಡುತ್ತಾ ನಿಂತಿದ್ದಳು. ತಾತನೇ, "ಸರಿ ಕಣಪ್ಪ, ಬ್ಲೇಡ್ ಬಂದಾಗ ಏಳಿ ಕಳ್ಸು" ಎಂದು ತಿರುಗಿದ್ದ. ಅಂದಿನಿಂದ ಗಡ್ಡಕ್ಕೆ ಯಾರ ಕೈಯನ್ನೂ ಸೋಕಿಸಲಿಲ್ಲ.

ಏಪ್ರಿಲ್ ಬರುವಷ್ಟರಲ್ಲಿ ಗಡ್ಡ ಗದ್ದ ದಾಟಿ ಕತ್ತಿಗೆ ಇಳಿಯಿತು. ವಿಜಯಕುಮಾರನ ಮದುವೆ ಗೊತ್ತಾಯಿತು. ಬಂಗಾರಪೇಟೆಯ ಛತ್ರ, ಇನ್ನು ಒಂದೇ ತಿಂಗಳು.

"ಆಟೋ ತರ್ತೀನಿ ತಾತ" ಎಂದ ವಿಜಯಕುಮಾರ್, ಒಂದು ದಿನ ಊಟದ ಹೊತ್ತಿಗೆ. "ಬಂಗಾರಪೇಟೆಗೆ ಓಗಿ ಅರ್ಧ ಗಂಟೇಲಿ ಬಂದ್ಬಿಡಾನ. ಅಲ್ಲಿ ಯಾರೂ ಏನೂ ಕೇಳಲ್ಲ."

"ನಾನ್ಯಾರು ಅಂತ ಅವ್ರಿಗೆ ಗೊತ್ತಿಲ್ಲ ಕಣ್ಲಾ, ಅದಕ್ಕೆ ಕೇಳಲ್ಲ. ನಾನ್ಯಾರು ಅಂತ ಗೊತ್ತಿರೋ ಊರಲ್ಲಿ ನನ್ನ ಗಡ್ಡ ಓಗ್ಬೇಕು. ಇಲ್ದಿದ್ರೆ ಇಂಗೇ ಬತ್ತೀನಿ ಮದ್ವೆಗೆ."

ಸುಮಿತಾಳ ತಾಯಿ ಮಾರಿಯಮ್ಮ ಮುದ್ದೆ ಬಡಿಸುತ್ತಾ, "ಬೀಗರು ಯಾರೋ ಸನ್ಯಾಸಿ ಅನ್ಕೊಂಡು ಕಾಲಿಗೆ ಬೀಳ್ತಾರೆ ಮಾವ" ಎಂದಳು.

"ಬೀಳ್ಲಿ ಬಿಡು. ಆಶೀರ್ವಾದ ಮಾಡ್ತೀನಿ."

"ಕಂಪ್ಲೇಂಟ್ ಕೊಡಾನ ಅಂದ್ರೆ ಅದೂ ಬೇಡ ಅಂತೀಯ" ವಿಜಯಕುಮಾರನಿಗೆ ಸಿಟ್ಟು ಬಂತು.

"ಪೊಲೀಸ್ನೋರ ಭಯಕ್ಕೆ ನನ್ನ ಗದ್ದ ಮುಟ್ಟೋ ಕೈ ನಂಗ್ಯಾಕ್ಲಾ?"

ಮೂಲೆಯಲ್ಲಿ ತಟ್ಟೆ ಹಿಡಿದು ಕೂತಿದ್ದ ಸುಮಿತಾ, ಮುದ್ದೆಯನ್ನೇ ನೋಡುತ್ತಾ, "ನಾನ್ ಮಾಡ್ತೀನಿ" ಎಂದಳು.

ಮೂವರೂ ಅವಳ ಕಡೆ ತಿರುಗಿದರು.

"ತಾತನ ಕತ್ತಿ ಐತಲ್ಲ ಪೆಟ್ಟಿಗೇಲಿ" ಎಂದಳು ಇನ್ನೂ ಮುದ್ದೆಗೇ. "ಅದಕ್ಕೆ ಬ್ಲೇಡ್ ಬೇಡ. ಮುಗಿಯೋ ಮಾತೇ ಇಲ್ಲ."

ಮಾರಿಯಮ್ಮ ಎದೆ ಮುಟ್ಟಿಕೊಂಡಳು. "ಅಯ್ಯೋ, ಎಣ್ಣೈಕ್ಳು ಎಲ್ಲಾದ್ರೂ ಕತ್ತಿ ಇಡೀತಾರೇನೇ?"

"ಕುಡ್ಲು ಇಡಿದು ರಾಗಿ ಕುಯ್ಯೋರು ಯಾರಮ್ಮ, ಗಂಡೈಕ್ಳಾ?" ಎಂದ ತಾತ. ಆಮೇಲೆ ಎಡಗೈಯಲ್ಲಿ ಗಡ್ಡ ನೀವಿಕೊಂಡು ಮೊಮ್ಮಗಳ ಕಡೆ ತಿರುಗಿದ. "ಊಟ ಮಾಡಿ ಪೆಟ್ಟಿಗೆ ತಗೊಂಡ್ ಬಾ ಪಾಪ."

ಅದು ಕ್ಷೌರದ ಮಡಚುವ ಕತ್ತಿ. ತಾತ ಹರೆಯದಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡದ್ದು. ಹಿಡಿ ಮುರಿದಾಗ ಗಣಿಯ ಕಂಬದ ಚೂರೊಂದನ್ನು ಕೆತ್ತಿ ಹೊಸ ಹಿಡಿ ಮಾಡಿಕೊಂಡಿದ್ದ. ಅದರ ಜೊತೆ ಒಂದು ಅಗಲವಾದ ಚರ್ಮದ ಬೆಲ್ಟು. ತಲೆಯ ಮೇಲಿನ ದೀಪದ ಬ್ಯಾಟರಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಗಣಿಯಲ್ಲಿ ಕೊಡುತ್ತಿದ್ದ ಬೆಲ್ಟು ಅದು. ತಾತ ಕೆಲಸ ಮುಗಿಸಿ ಮೇಲೆ ಬಂದಮೇಲೆ ಅದೇ ಬೆಲ್ಟನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಎಳೆದು ಹಿಡಿದು, ಕತ್ತಿ ತೀಡುತ್ತಿದ್ದನಂತೆ.

ಮೊದಲ ದಿನವೇ ಸುಮಿತಾ ಬೆಲ್ಟು ಕೊಯ್ದಳು. ಚಪಾತಿಗೆ ತುಪ್ಪ ಸವರುವ ಹಾಗೆ ಕತ್ತಿಯ ಬಾಯಿ ಮುಂದಿಟ್ಟುಕೊಂಡು ತಳ್ಳಿದಳು. ಚರ್ಮದಲ್ಲಿ ಬೆರಳುದ್ದದ ಸೀಳು ಬಿತ್ತು. ಗಣಿಯ ಮೂವತ್ತು ವರ್ಷ ತಡೆದುಕೊಂಡ ಬೆಲ್ಟು. ಅವಳ ಕಣ್ಣಲ್ಲಿ ನೀರೇ ಬಂತು.

"ಅಳಬ್ಯಾಡ. ನಾನೂ ಕುಯ್ದಿದ್ದೆ, ನೋಡಿಲ್ಲಿ" ತಾತ ಬೆಲ್ಟಿನ ಇನ್ನೊಂದು ತುದಿ ತೋರಿಸಿದ. ಅಲ್ಲೂ ಒಂದು ಸೀಳು, ಹಳೆಯದು, ಕಪ್ಪಗಾಗಿತ್ತು. "ಕತ್ತಿ ಬೆನ್ನು ಮುಂದೆ ಓಗ್ಬೇಕು, ಬಾಯಿ ಇಂದೆ ಬರ್ಬೇಕು. ತುದೀಲಿ ಎತ್ತಬ್ಯಾಡ, ಬೆನ್ನ ಮೇಲೇ ಒರಳಿಸು. ಇನ್ನೊಂದ್ ಸಲ."

ಮೂರು ದಿನ ಬೆಲ್ಟಿಗೇ ಆಯಿತು. ನಾಲ್ಕನೆಯ ದಿನ ತಾತ ಮಾಡಿನ ಮೇಲೆ ಹಬ್ಬಿದ್ದ ಬಳ್ಳಿಯಿಂದ ಒಂದು ಬೂದುಗುಂಬಳ ಕೀಳಿಸಿ ಅವಳ ಮಡಿಲಿಗಿಟ್ಟ. "ಮೇಲಿನ ಬೂದಿ ಅಷ್ಟೂ ಬರ್ಬೇಕು. ಕೆಳಗಿನ ಅಸಿರಿಗೆ ಒಂದು ಗೀರೂ ಬೀಳಂಗಿಲ್ಲ. ಕತ್ತಿ ಮಲಗ್ಸು. ಬೆನ್ನಿನ ಕೆಳಗೆ ಒಂದು ಉಣಸೆಬೀಜ ತೂರುವಷ್ಟೇ ಎತ್ತು."

ಸೋಪು ಹಚ್ಚಿದ ಬೂದುಗುಂಬಳಕ್ಕೂ ಎಂಬತ್ತರ ಮುದುಕನಿಗೂ ದೂರದಿಂದ ಬಹಳ ವ್ಯತ್ಯಾಸವಿರಲಿಲ್ಲ. ಮೊದಲ ಕಾಯಿ ಹದಿನೇಳು ಕಡೆ ಕೊಯ್ದುಹೋಯಿತು, ಸಂಜೆಗೆ ಹುಳಿಯಾಯಿತು. ಎರಡನೆಯದು ಪಲ್ಯವಾಯಿತು. ನಾಲ್ಕನೆಯದಕ್ಕೆ ವಿಜಯಕುಮಾರ್ ತಟ್ಟೆ ತಳ್ಳಿ, "ಅಮ್ಮ, ಇವಳು ಕಲಿಯೋ ಅಷ್ಟೊತ್ತಿಗೆ ನಾನೇ ಬೂದುಗುಂಬಳ ಆಗ್ತೀನಿ" ಎಂದು ಗೋಗರೆದ. ಐದನೆಯ ಕಾಯಿ ನುಣ್ಣಗೆ ಹಸಿರಾಗಿ ಬಂತು. ಆಮೇಲೆ ತಾತ ಎಳೆಯ ಕಾಯಿ ಕೊಟ್ಟ. ಅದಕ್ಕೆ ಮೈತುಂಬ ಸೂಜಿಯಂಥ ರೋಮ, ಸಿಪ್ಪೆ ಮಾತ್ರ ಮಗುವಿನ ಕೆನ್ನೆಯಷ್ಟು ಮೆತ್ತಗೆ.

ಅದರ ಮೇಲೆ ಅವಳ ಕೈ ಹೆದರಿತು. ಕಣ್ಣು ಕತ್ತಿಯ ಅಂಚಿಗೇ ಅಂಟಿಕೊಂಡಿತ್ತು. ಹೆದರಿದ ಕಡೆಯಲ್ಲೆಲ್ಲ ಕೊಯ್ದಳು.

"ನಂಗೂ ಇಂಗೇ ಆಗ್ತಿತ್ತು" ಎಂದ ತಾತ. "ಈ ಊರಲ್ಲಿ ನಮ್ಮಪ್ಪನ ಕಾಲ್ದಲ್ಲೂ ನಮ್ಮೋರ ಗಡ್ಡ ಯಾರೂ ಮುಟ್ಟುತ್ತಿರ್ಲಿಲ್ಲ. ಗಣಿ ಸೇರ್ದಾಗ ಉರಿಗಾಂ ಲೈನ್ ಮನೇಲಿ ಪಕ್ಕದ ಮನೆ ಮಾರಿಯಪ್ಪನ್ ಅಂತ ಒಬ್ಬ ಇದ್ದ, ತಮಿಳಿನೋನು. ಅವ್ನೇ ನಂಗೆ ಕಲಿಸ್ದೋನು. ತಲೆ ಮೇಲೆ ಒಂದು ಮೊಟಕ್ತಿದ್ದ. 'ಮೂಂಜಿಯೆ ಪಾರ್‌ಡಾ, ಕತ್ತಿಯೆ ಪಾಕ್ಕಾದೆ' ಅಂತಿದ್ದ. ಮುಖ ನೋಡೋ, ಕತ್ತಿ ನೋಡಬ್ಯಾಡ. ಕತ್ತಿ ನೋಡಿದ್ರೆ ಕೈ ಎದರ್ತೈತೆ. ಮುಖ ನೋಡಿದ್ರೆ ಎಲ್ಲಿ ಏರು, ಎಲ್ಲಿ ತಗ್ಗು ಅಂತ ಅದೇ ಏಳ್ತೈತೆ."

"ನಂಗೆ ಮುಖ ನೋಡಕ್ಕೇ ಬರಲ್ಲ ತಾತ" ಎಂದಳು ಸುಮಿತಾ. ಬಾಯಿ ಜಾರಿ ಬಂದ ಮಾತು. ಎಂದೂ ಡೈರಿಯಲ್ಲೂ ಬರೆದಿರಲಿಲ್ಲ.

ತಾತ ಗೋಡೆಯ ಕನ್ನಡಿ ಬಿಚ್ಚಿ ಅವಳ ಮುಂದೆ ಒರಗಿಸಿಟ್ಟ. "ನಿಂದೇ ನೋಡು ಮೊದ್ಲು. ಕೆನ್ನೆಗೆ ಸೋಪು ಆಕ್ಕೋ. ಕತ್ತಿ ಏನ್ ಮಾಡ್ತೈತೆ ಅಂತ ನಿನ್ನ ಚರ್ಮಕ್ಕೂ ಗೊತ್ತಾಗ್ಲಿ."

ಅವಳು ಕನ್ನಡಿಯ ಮುಂದೆ ಕೂತು ತನ್ನ ಕೆನ್ನೆಯ ಮೇಲಿನ ನವಿರನ್ನು ತಾನೇ ತೆಗೆದಳು. ಕತ್ತಿ ತಣ್ಣಗೆ, ಇರುವೆ ಹರಿದ ಹಾಗೆ ಇಳಿಯಿತು. ಎದುರಿಗಿದ್ದ ಮುಖ ಕಣ್ಣು ಕದಲಿಸದೆ ಅವಳನ್ನೇ ನೋಡುತ್ತಿತ್ತು. ಅಷ್ಟು ಹೊತ್ತು ಅವಳು ಯಾರ ಮುಖವನ್ನೂ ನೋಡಿದ್ದಿಲ್ಲ.

ಮದುವೆ ಗುರುವಾರ. ಅದಕ್ಕೆ ಮುಂಚಿನ ಮಂಗಳವಾರ ಬೆಳಿಗ್ಗೆ ಕೆಲಸ ಮುಗಿಸಿಬಿಡೋಣ ಎಂದಳು ಸುಮಿತಾ. ಎಲ್ಲ ಲೆಕ್ಕ ಹಾಕಿಯೇ ಹೇಳಿದ್ದಳು. ಮಂಗಳವಾರ ಸಲೂನಿಗೆ ರಜೆ. ಬಾಗಿಲು ಹಾಕಿರುತ್ತದೆ. ಹಾಲು ಹಾಕುವ ಹೊತ್ತು ಕಳೆದ ಮೇಲೆ ಬೀದಿಯಲ್ಲಿ ಜನ ಇರುವುದಿಲ್ಲ. ಡೈರಿ ಪಕ್ಕದ ಹೊಂಗೆಮರದ ಕೆಳಗೆ ಪಂಚಾಯ್ತಿಯವರು ಹಾಕಿಸಿದ ಸಿಮೆಂಟ್ ಬೆಂಚಿದೆ. ಊರಲ್ಲೇ ಆದ ಹಾಗೂ ಆಯಿತು, ಯಾರೂ ನೋಡಿದ ಹಾಗೂ ಆಗಲಿಲ್ಲ.

ತಾತ ನಕ್ಕುಬಿಟ್ಟ. "ಬಾಗ್ಲು ಆಕಿರೋ ಅಂಗಡಿ ಮುಂದೆ ಕೂತ್ರೆ ಏನ್ ಬಂತು? ಭಾನುವಾರ. ಆಲು ಆಕೋ ಒತ್ತಿಗೆ."

"ತಾತ, ಭಾನುವಾರ ಇಡೀ ಊರು ಅಲ್ಲಿರ್ತೈತೆ."

"ಅದಕ್ಕೇ ಮತ್ತೆ."

"ನನ್ ಕೈಲಾಗಲ್ಲ."

"ಆಗದಿದ್ರೆ ಬಿಡಮ್ಮ" ಎಂದ ತಾತ. ಬೇಸರವಿರಲಿಲ್ಲ ದನಿಯಲ್ಲಿ. "ನಾಕ್ ತಿಂಗ್ಳು ಬಿಟ್ಟಿದೀನಿ, ಇನ್ನೂ ಬಿಡ್ತೀನಿ. ಕದ್ದು ಮಾತ್ರ ತೆಗೆಸ್ಕೊಳ್ಳಲ್ಲ. ಗಡ್ಡ ನಾನೇನ್ ಕದ್ದು ಬೆಳೆಸಿಲ್ಲ."

ಶನಿವಾರ ರಾತ್ರಿ ಸುಮಿತಾ ತಾನಾಗಿಯೇ ಬುಟ್ಟಿ ಜೋಡಿಸಿಟ್ಟಳು. ಭಾನುವಾರ ಏಳು ಗಂಟೆಗೆ ಹಾಲಿನ ಡೈರಿಯ ಮುಂದೆ ಕ್ಯಾನುಗಳ ಸಾಲು ಬೀದಿಯ ತಿರುವಿನವರೆಗೂ ಇತ್ತು. ಸುಮಿತಾ ಒಂದು ಕೈಯಲ್ಲಿ ತಾತನನ್ನೂ ಇನ್ನೊಂದು ಕೈಯಲ್ಲಿ ಬುಟ್ಟಿಯನ್ನೂ ಹಿಡಿದು ಬಂದಳು. ಬುಟ್ಟಿಯಲ್ಲಿ ಬಿಸಿನೀರಿನ ಚೊಂಬು, ಟವೆಲು, ಕತ್ತರಿ, ಸೋಪು, ಬ್ರಷ್ಷು, ಬೆಲ್ಟು, ಕತ್ತಿ. ವಿಜಯಕುಮಾರ್ ಬರಲಿಲ್ಲ. "ಮದ್ವೆ ಇಟ್ಕೊಂಡು ಜಗಳ ಬೇಕಾ ನಿಮ್ಗೆ?" ಎಂದು ಕೂಗಾಡಿ ಬೈಕ್ ಹತ್ತಿ ಹೋಗಿದ್ದ.

ತಾತ ಬೆಂಚಿನ ಮೇಲೆ ಕೂತು ರಾಜನ ಹಾಗೆ ತಲೆ ಹಿಂದಕ್ಕೆ ಒರಗಿಸಿದ. ಸುಮಿತಾ ಹೊಂಗೆಮರದ ಮೊಳೆಗೆ ಬೆಲ್ಟು ಸಿಕ್ಕಿಸಿ ಕತ್ತಿ ತೀಡಿದಳು. ಸರ್, ಟಪ್. ಸರ್, ಟಪ್. ಕ್ಯಾನುಗಳೆಲ್ಲ ಇತ್ತ ತಿರುಗಿದ ಹಾಗೆ ಅವಳಿಗನ್ನಿಸಿತು.

"ಅಯ್ಯಯ್ಯೋ, ಉಡ್ಗಿ ಕೈಲಿ ಕತ್ತಿ!" ಸಾಲಿನಿಂದ ಚಿಕ್ಕವೆಂಕಟಮ್ಮ ಕೂಗಿದಳು. "ವೆಂಕಟಪ್ಪ, ಕತ್ತು ಜೋಪಾನ ಕಣೋ!"

"ಎಂಬತ್ತು ವರ್ಷ ಬಳ್ಸಿರೋ ಕತ್ತು ಕಣಮ್ಮ. ಓದ್ರೆ ಓಗ್ಲಿ" ಎಂದ ತಾತ ಕಣ್ಣು ಮುಚ್ಚಿಕೊಂಡೇ. ಸಾಲಿನಲ್ಲಿ ನಗು ಹರಿಯಿತು.

ಕತ್ತರಿಯಿಂದ ಉದ್ದದ್ದನ್ನೆಲ್ಲ ಕಡಿದು, ಬಿಸಿ ಟವೆಲ್ ಒತ್ತಿ, ಸೋಪು ನೊರೆ ಬರಿಸುವಷ್ಟರಲ್ಲಿ ಸಲೂನಿನ ಬಾಗಿಲು ತೆರೆಯಿತು. ಕತ್ತಿನ ಸುತ್ತ ಬಟ್ಟೆ, ಅರ್ಧ ಮುಖ ನೊರೆ, ಹಾಗೇ ಶ್ರೀನಿವಾಸಪ್ಪ ಮೆಟ್ಟಿಲ ಮೇಲೆ ಬಂದು ನಿಂತ. ಹಿಂದೆ ಮುನೇಶ್.

"ಇದೇನ್ ವೆಂಕಟಪ್ಪ, ನಡುಬೀದೀಲಿ? ಮನೇಲಿ ಮಾಡ್ಕೊಳ್ಳಕ್ಕಾಗಲ್ವಾ?"

"ಮನೇಲಿ ಅರವತ್ತು ವರ್ಷ ಮಾಡ್ಕೊಂಡೆ ಶ್ರೀನಿವಾಸಪ್ಪೋರೆ. ಬೆಂಚು ಪಂಚಾಯ್ತೀದು, ಗಡ್ಡ ನಂದು. ನಿಮ್ದು ಅರ್ಧಕ್ಕೆ ನಿಂತೈತೆ, ಒಣಗೋಗ್ತೈತೆ, ನೋಡ್ಕಳ್ಳಿ."

ಸುಮಿತಾ ಕತ್ತಿ ಬಿಚ್ಚಿದಳು. ಎಷ್ಟು ಕಣ್ಣು ತನ್ನ ಮೇಲಿವೆಯೋ ಎಂದು ಎಣಿಸಹೊರಟ ಮನಸ್ಸನ್ನು ಹಿಡಿದು ತಾತನ ಮುಖಕ್ಕೆ ತಂದಳು. ಕೆನ್ನೆಯ ಏರು. ದವಡೆಯ ತಗ್ಗು. ಕಿವಿಯ ಕೆಳಗೆ ಯಾವುದೋ ಕಲ್ಲು ಸಿಡಿದ ಹಳೆಯ ಗಾಯದ ಗುರುತು, ಅದರ ಸುತ್ತ ಕೂದಲು ಬೇರೆ ದಿಕ್ಕಿಗೆ ಬೆಳೆದಿದೆ. ಎಡಗೈಯಿಂದ ಚರ್ಮ ಬಿಗಿಮಾಡಿ, ಕತ್ತಿ ಮಲಗಿಸಿ, ಇಳಿಸಿದಳು. ನೊರೆಯ ಜೊತೆ ನಾಲ್ಕು ತಿಂಗಳು ಸರ್ರನೆ ಬಂತು. ಕೆಳಗೆ ನಸುಗಪ್ಪು ಚರ್ಮ ಹೊಳೆಯಿತು. ಒಂದು ಕೆನ್ನೆ ಆಯಿತು. ಇನ್ನೊಂದಾಯಿತು. ಕತ್ತಿನ ಗಂಟಿನ ಹತ್ತಿರ, "ಉಗುಳು ನುಂಗು ತಾತ" ಎಂದಳು. ಗಂಟು ಮೇಲೆ ಹೋದ ಕ್ಷಣದಲ್ಲಿ ಕತ್ತಿ ದಾಟಿಸಿದಳು. ಸಾಲಿನವರು ಉಸಿರು ಬಿಟ್ಟದ್ದು ಕೇಳಿಸಿತು.

ಗದ್ದದಲ್ಲಿ ಕೈ ತುಸು ಎದ್ದಿತು.

"ಮಲಗ್ಸು, ಮಲಗ್ಸು ಕತ್ತೀನ!" ಎಂಬ ದನಿ ಬಂತು. ಮುನೇಶ್. ತಡೆಯಲಾರದೆ ಕೂಗಿಬಿಟ್ಟಿದ್ದ. ಅಷ್ಟರಲ್ಲಿ ಗದ್ದದ ಮೇಲೆ ಕೆಂಪು ಗೆರೆ ಮೂಡಿ, ಬಿಳಿ ನೊರೆಗೆ ಇಳಿಯಿತು.

ಸುಮಿತಾ ಬುಟ್ಟಿಯ ಕಡೆ ನೋಡಿದಳು. ಪಟಿಕ ಇರಲಿಲ್ಲ. ಕೊಯ್ದ ಗಾಯಕ್ಕೆ ಒತ್ತುವ ಆ ಬಿಳಿಯ ಹರಳು ಮನೆಯ ಕಿಟಕಿಯಲ್ಲೇ ಉಳಿದುಬಿಟ್ಟಿತ್ತು. ಒಂದು ಕೈಯಲ್ಲಿ ತಾತನ ಗದ್ದ, ಇನ್ನೊಂದರಲ್ಲಿ ಕತ್ತಿ. ಅವಳು ತಲೆಯೆತ್ತಿದಳು. ಮುನೇಶನ ಕಾಲಲ್ಲ, ಗುಂಡಿಯಲ್ಲ, ನೇರ ಮುಖ ನೋಡಿದಳು. ಮಾತು ಈ ಸಲ ಮನೆಗೆ ಹೋಗುವವರೆಗೆ ಕಾಯಲಿಲ್ಲ.

"ಮುನೇಶಣ್ಣ, ಪಟಿಕ ಐತಾ? ಇಲ್ಲ ಅದೂ ಮುಗಿದೈತಾ?"

ಸಾಲಿನಲ್ಲಿ ಯಾರೋ ಕೆಮ್ಮಿದರು. ಮುನೇಶ್ ಒಳಗೆ ಹೋದ. ಬರುವುದಿಲ್ಲ ಎಂದುಕೊಂಡರು ಎಲ್ಲರೂ. ಬಂದ. ಪಟಿಕದ ತುಂಡು ಕೈಯಲ್ಲಿತ್ತು. ರಸ್ತೆ ದಾಟಿ ಬೆಂಚಿನ ಮುಂದೆ ನಿಂತು, ಅವಳ ಅಂಗೈಗೆ ಮೇಲಿನಿಂದ ಹಾಕಲು ನೋಡಿದ.

"ನನ್ ಕೈ ಖಾಲಿ ಇಲ್ಲಣ್ಣ" ಎಂದಳು ಸುಮಿತಾ. "ನೀವೇ ಒತ್ತಿ."

ತಾತ ಕಣ್ಣು ತೆರೆದ. ಗದ್ದವನ್ನು ಮುನೇಶನ ಕಡೆಗೆ ಇನ್ನಷ್ಟು ಎತ್ತಿ ಹಿಡಿದ. ರಕ್ತ ಒಂದು ಹನಿ ಕತ್ತಿನವರೆಗೆ ಇಳಿಯಿತು.

ಮುನೇಶನ ಕೈ ಅರ್ಧದವರೆಗೆ ಬಂತು. ಬಂದದ್ದನ್ನು ಎಲ್ಲರೂ ನೋಡಿದರು. ಒಳ್ಳೆಯ ಕೈಯೇ. ಎಷ್ಟೋ ಗದ್ದಗಳ ಏರುತಗ್ಗು ಬಲ್ಲ ಕೈ. ಮೆಟ್ಟಿಲ ಮೇಲಿನಿಂದ ಶ್ರೀನಿವಾಸಪ್ಪ ಜೋರಾಗಿ ಗಂಟಲು ಸರಿಮಾಡಿಕೊಂಡ. ಅಷ್ಟಕ್ಕೇ ಕೈ ನಿಂತಿತು.

"ಅವ್ರೆಲ್ಲ ಬರೋದು ಬಿಟ್ಬಿಟ್ರೆ ನಾನೇನ್ ಮಾಡ್ಲಿ ತಾತ?" ಎಂದ ಮುನೇಶ್ ಬಹಳ ಮೆಲ್ಲಗೆ. ಪಟಿಕವನ್ನು ಬೆಂಚಿನ ತುದಿಯಲ್ಲಿಟ್ಟು ಹಿಂದೆ ಸರಿದ. ಸುಮಿತಾ ಇನ್ನೂ ಅವನ ಮುಖ ನೋಡುತ್ತಲೇ ಇದ್ದಳು. ಅವನು ನೋಡುತ್ತಿದ್ದದ್ದು ಅವಳ ಕಾಲನ್ನು.

"ಕೇಳಿದ್ರೇನ್ರಪ್ಪ" ತಾತ ಸಾಲಿಗೆಲ್ಲ ಕೇಳುವಂತೆ ಕೂಗಿದ. "ಇಷ್ಟ್ ದಿನ ಇವ್ನಿಗೆ ಬ್ಲೇಡ್ ಮುಗೀತಿತ್ತು. ಇವತ್ತು ಕೈಯೇ ಮುಗಿದೋಯ್ತು!"

ಮೊದಲು ಚಿಕ್ಕವೆಂಕಟಮ್ಮನೇ ನಕ್ಕದ್ದು. ಆಮೇಲೆ ಇನ್ನಿಬ್ಬರು. ಎಲ್ಲರೂ ನಗಲಿಲ್ಲ. ಕೆಲವರು ಕ್ಯಾನು ಎತ್ತಿಕೊಂಡು ಮುಖ ತಿರುಗಿಸಿದರು. ಶ್ರೀನಿವಾಸಪ್ಪನ ಕೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಅವನು ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ಸುಮಿತಾ ಪಟಿಕ ಮುಟ್ಟಲಿಲ್ಲ. ಹೆಬ್ಬೆರಳಿನಿಂದ ಗಾಯ ಒತ್ತಿ ಹಿಡಿದಳು. ರಕ್ತ ನಿಂತ ಮೇಲೆ ಮತ್ತೆ ನೊರೆ ಹಚ್ಚಿ, ಉಳಿದ ಗದ್ದವನ್ನೂ ಮೀಸೆಯ ಅಂಚನ್ನೂ ಮುಗಿಸಿದಳು. ಟವೆಲಿನಿಂದ ಒರೆಸಿದಾಗ ಜನವರಿಯಲ್ಲಿ ಕಳೆದುಹೋಗಿದ್ದ ಮುಖ ಹೊರಬಂತು. ತಾತ ಅಂಗೈಯಿಂದ ಎರಡೂ ಕೆನ್ನೆ ಸವರಿಕೊಂಡ. "ಒಂದೇ ಒಂದು ಕಡೆ" ಎಂದ. "ಮಾರಿಯಪ್ಪನ್ ಮೊದಲ್ನೇ ಸಲ ನಂಗೆ ಐದು ಕಡೆ ಕುಯ್ದಿದ್ದ."

ಬೈಕ್ ಬಂದು ನಿಂತ ಸದ್ದಾಯಿತು. ವಿಜಯಕುಮಾರ್. ಎಷ್ಟು ಹೊತ್ತಿನಿಂದ ತಿರುವಿನಲ್ಲಿ ನಿಂತು ನೋಡುತ್ತಿದ್ದನೋ. ಮೂರು ದಿನದ ಗಡ್ಡ ಅವನಿಗೂ ಇತ್ತು. ಯಾರ ಕಡೆಯೂ ನೋಡದೆ ನೆಟ್ಟಗೆ ನಡೆದು ಬಂದ. ತಾತನನ್ನು ಸ್ವಲ್ಪ ಅತ್ತ ಸರಿಸಿ, ಪಟಿಕದ ತುಂಡಿನ ಪಕ್ಕದಲ್ಲಿ ಕೂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿದ.

"ಮಾಡು."

"ಅಣ್ಣ, ಗುರುವಾರ ಮದ್ವೆ."

"ಗೊತ್ತು ಕಣೇ, ನಂದೇ ಅದು. ಮಾಡು."

ಸುಮಿತಾ ಕತ್ತಿ ತೊಳೆದು, ಮರದ ಹತ್ತಿರ ಹೋಗಿ ಬೆಲ್ಟು ಬಿಗಿಹಿಡಿದಳು. ಬೆನ್ನು ಮುಂದೆ, ಬಾಯಿ ಹಿಂದೆ. ಸರ್, ಟಪ್. ಸಾಲು ಈಗ ಮುಂದೆ ಸರಿಯುವುದನ್ನೇ ಮರೆತಿತ್ತು. ಅವಳು ಬಂದು ಅಣ್ಣನ ಗದ್ದಕ್ಕೆ ಕೈ ಹಾಕಿ ಮುಖ ಎತ್ತಿದಳು.

"ಕುಯ್ದ್ರೆ ಮದ್ವೆ ಫೋಟೋದಲ್ಲಿ ಕಾಣ್ತೈತೆ" ಎಂದ ಅವನು, ಅರ್ಧ ತಮಾಷೆ, ಅರ್ಧ ಭಯ.

"ಕಾಣ್ಲಿ" ಎಂದಳು ಸುಮಿತಾ.